ಕಾಲಿಗೆ ಸಿಗದ ಬ್ರೇಕು

ಮಾರ್ಚ್ ೧೪, ಶುಕ್ರವಾರ

ಸ್ಕೂಟರ್ ನನ್ನ ಹೆಸರಿನಲ್ಲಿರುವುದರಿಂದ ದಂಡದ ನೋಟಿಸು ನನ್ನ ಫೋನಿಗೇ ಬಂತು. ಲೈಬ್ರರಿ ಹಿಂದಿನ ಒನ್‌ವೇಯಲ್ಲಿ ವಿರುದ್ಧ ದಿಕ್ಕಿಗೆ ಓಡಿಸಿದ್ದಕ್ಕೆ. ಇನ್ನೊಮ್ಮೆ ಸಿಕ್ಕಿಬಿದ್ದರೆ ಲೈಸೆನ್ಸು ಅಮಾನತಂತೆ. ಜೊತೆಗೊಂದು ಫೋಟೋ, ಹೆಲ್ಮೆಟ್ಟಿನೊಳಗಿನ ಮುಖ ಕಾಣುವುದಿಲ್ಲ.

"ನಾನೇ ಕಣೇ, ಅವಸರದಲ್ಲಿದ್ದೆ," ಎಂದರು ಇವರು, ಫೋಟೋ ನೋಡುವ ಮೊದಲೇ. ಹಾಗೆ ಬರುವವರನ್ನು ಕಂಡರೆ ಗಾಡಿ ನಿಲ್ಲಿಸಿ ಜಗಳ ತೆಗೆಯುವ ಮನುಷ್ಯ ಚಕಾರವೆತ್ತದೆ ದಂಡ ಕಟ್ಟಿಬಿಟ್ಟರು. ಅದೇ ನನಗೆ ಸರಿಬರಲಿಲ್ಲ.

ಕವನ ಸಂಕಲನ ಹಿಡಿದು ಕೂತೆ. ಒಂದು ಸಾಲೂ ಒಳಗಿಳಿಯಲಿಲ್ಲ. ಮತ್ತೆ ಫೋಟೋ ತೆರೆದೆ. ಬಲಗಾಲು ಮುಂದಕ್ಕೆ ಚಾಚಿ ಏನನ್ನೋ ಒತ್ತುತ್ತಿದೆ. ನಮ್ಮ ಸ್ಕೂಟರಿನಲ್ಲಿ ಎರಡು ಬ್ರೇಕೂ ಕೈಯಲ್ಲೇ. ಕಾಲಿನಿಂದ ಬ್ರೇಕು ಹುಡುಕುವವರು ಈ ಮನೆಯಲ್ಲಿ ಒಬ್ಬರೇ: ಹಳೆಯ ಗೇರಿನ ಸ್ಕೂಟರನ್ನು ಜೀವಮಾನವೆಲ್ಲ ಓಡಿಸಿದ ಮಾವ. ಇನ್ನು ಗಾಡಿ ಮುಟ್ಟಲೇಬಾರದು ಎಂದು ಕಣ್ಣಿನ ಡಾಕ್ಟರು ಅವರಿಗೆ ಹೇಳಿದ್ದಾರೆ.

ಊಟಕ್ಕೆ ಬಡಿಸುವಾಗ ಸುಮ್ಮನೆ ಕೇಳಿದೆ. "ಮಾವ, ಲೈಬ್ರರಿ ಹಿಂದಿನ ರಸ್ತೆ ಒನ್‌ವೇ ಅಂತೆ?"

"ಯಾರಮ್ಮ ಹೇಳಿದ್ದು? ಅಲ್ಲಿ ಬೋರ್ಡೇ ಇಲ್ವಲ್ಲ."

ಇವರು ನೀರಿನ ಲೋಟದೊಳಗೆ ಮುಖ ಹುದುಗಿಸಿದರು.

ಬೋರ್ಡು ಇದೆ, ಬಾಗಿಲಿನಷ್ಟು ದೊಡ್ಡದು. ಸಂಜೆಯೇ ಹೋಗಿ ನೋಡಿಕೊಂಡು ಬಂದಿದ್ದೆ.

ಅಪ್ಪನ ತಪ್ಪನ್ನು ಮಗ ತಲೆಯ ಮೇಲೆ ಹಾಕಿಕೊಂಡಿದ್ದಾರೆ, ಸರಿ. ಎದುರಿನಿಂದ ಬರುವ ಲಾರಿಗೆ ಅದೆಲ್ಲ ಗೊತ್ತಾಗುತ್ತದೆಯೇ? ಸ್ಕೂಟರಿನ ಕೀಲಿಯನ್ನು ತೆಗೆದು ದಿಂಬಿನಡಿ ಇಡೋಣವೆಂದು ಈಗಷ್ಟೇ ಎದ್ದು ಹೋದೆ. ಕೀಲಿ ತೂಗುಹಾಕುವ ಮೊಳೆ ಆಗಲೇ ಬರಿದಾಗಿದೆ. ಇವರು ಬಚ್ಚಿಟ್ಟರೋ, ಇಲ್ಲ ಮಾವ ಮತ್ತೆ ತೆಗೆದುಕೊಂಡರೋ?