ಸ್ನಾನದ ಮನೆಯಲ್ಲಿ ಜಾರಿ ಬಿದ್ದ ಕಿವಿ

ಸರ್ಕಾರಿ ಆಸ್ಪತ್ರೆಯ ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ನನ್ನ ಅಪ್ಪನ ಎಡಗಿವಿಯನ್ನು ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಹೊಡೆದು ಕೊಂದ. ನಿಮ್ಮ ಆಸ್ಪತ್ರೆಯ ಕಡತ ಮಾತ್ರ ಅವರು 'ಸ್ನಾನದ ಮನೆಯಲ್ಲಿ ಜಾರಿ ಬಿದ್ದರು' ಎನ್ನುತ್ತದೆ. ಆ ಒಂದು ಸಾಲನ್ನು ತಿದ್ದಿಕೊಡಿ ಎಂದು ಹನ್ನೊಂದು ತಿಂಗಳಿಂದ ಕೇಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ, ತಮಿಳಿನಲ್ಲಿ ಒಂದು ಸಲ ಬರೆಸಿದೆ. ಈಗ ಕನ್ನಡದಲ್ಲಿ, ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಈ ಭಾಷೆ ಬಾರದೆಂದು ಬಲ್ಲೆ. ಬರುವ ಭಾಷೆಗಳಲ್ಲಿ ಬರೆದು ಆದ ಪ್ರಯೋಜನವನ್ನು ನೋಡಿದ ಮೇಲೆ ಅದು ದೊಡ್ಡ ತೊಡಕೆಂದು ಅನಿಸಲಿಲ್ಲ.

ಅಪ್ಪನ ಹೆಸರು ಅಂದಾನಿ. ಗದಗದ ಕಡೆಯವರು. ಇಪ್ಪತ್ತಾರು ವರ್ಷ ಚೆನ್ನೈನ ಕೋಡಂಬಾಕ್ಕಂನ ರೆಕಾರ್ಡಿಂಗ್ ಥಿಯೇಟರುಗಳಲ್ಲಿ ಸಿನಿಮಾಗಳಿಗೆ ಸದ್ದು ಮಾಡಿದವರು. ಪರದೆಯ ಮೇಲೆ ನಾಯಕ ಖಳನ ಕೆನ್ನೆಗೆ ಬಾರಿಸುತ್ತಾನಲ್ಲ, ಆ ಕೈ ಆ ಕೆನ್ನೆಯನ್ನು ಮುಟ್ಟಿಯೇ ಇರುವುದಿಲ್ಲ. ಏಟು ಅಪ್ಪನದು. ನೆನೆಸಿದ ಎರಡು ಚರ್ಮದ ಪಟ್ಟಿಗಳನ್ನು, ಪರದೆಯ ಮೇಲಿನ ಕೈಗೆ ಕೂದಲೆಳೆ ತಪ್ಪದಂತೆ, ಒಂದರ ಮೇಲೊಂದು ಬಡಿಯುತ್ತಿದ್ದರು. ಮೂಳೆ ಮುರಿಯಬೇಕಾದರೆ ಕಬ್ಬಿನ ಜಲ್ಲೆ. ಅತ್ತೆ ಸೊಸೆಗೆ ಹೊಡೆಯುವ ಏಟೇ ಬೇರೆ, ತಂದೆ ಮಗನಿಗೆ ಹೊಡೆಯುವ ಏಟೇ ಬೇರೆ ಎಂದು ನನಗೆ ಮನೆಯಲ್ಲಿ ಬಡಿದು ತೋರಿಸುತ್ತಿದ್ದರು. ಅವರು ನನಗೆ ಒಮ್ಮೆಯೂ ಕೈಯೆತ್ತಿದವರಲ್ಲ. ಏಟುಗಳೆಲ್ಲ ಚರ್ಮದ ಪಟ್ಟಿಗಳಲ್ಲೇ ಖರ್ಚಾಗುತ್ತಿದ್ದವು.

ಎರಡು ಸಾವಿರದ ಇಸವಿಯ ನವೆಂಬರಿನ ಒಂದು ಬೆಳಿಗ್ಗೆ ಯಾರೋ ಮಂತ್ರಿಗಳು ಹಾದುಹೋಗಲಿದ್ದ ರಸ್ತೆಯಲ್ಲಿ ಪೊಲೀಸರು ನಮ್ಮನ್ನು ತಡೆದರು. ಅಪ್ಪ ಕೆಲಸಕ್ಕೆ ಹೊರಟಿದ್ದರು, ನಾನು ಕಾಲೇಜಿಗೆ. ಅವರ ಚೀಲದಿಂದ ಒಂದು ಸರಪಳಿ, ತಗಡಿನ ಕತ್ತಿ, ಪಟ್ಟಿಗಳು ಹೊರಬಂದವು.

"ಎನ್ನಯ್ಯಾ ಇದು?" ಎಂದ ಇನ್‌ಸ್ಪೆಕ್ಟರ್.

"ಸಿನಿಮಾ ಸೌಂಡ್ ಸಾರ್. ಅಡಿ ಸೌಂಡ್," ಎಂದರು ಅಪ್ಪ. ಏಟಿನ ಸದ್ದು. ತೋರಿಸು ಎಂದಾಗ, ಪಾಪ, ಮೆಚ್ಚುತ್ತಾನೆಂದು ಭಾವಿಸಿ ನಗುತ್ತ ಪಟ್ಟಿ ಬಡಿದರು.

"ಇದಾ ಅಡಿ? ಅಡಿನ್ನಾ ಇಪ್ಪಡಿ ಇರುಕ್ಕಣುಂಡಾ." ಏಟೆಂದರೆ ಹೀಗಿರಬೇಕು ಎನ್ನುತ್ತ ಅವನು ಅಂಗೈಯನ್ನು ಬಿಡಿಸಿ ಅಪ್ಪನ ಎಡಗಿವಿಯ ಮೇಲೆ ಬಾರಿಸಿದ. ಎರಡು ಹೆಜ್ಜೆ ಹಿಂದಿದ್ದ ನನಗೆ ಕೊಡೆ ಮಡಚಿದಷ್ಟು ಸದ್ದೂ ಕೇಳಲಿಲ್ಲ. ಹಿಂದಿದ್ದ ಕಾನ್‌ಸ್ಟೇಬಲ್ ಹಲ್ಲು ಕಿಸಿದ: "ಸೌಂಡ್ ಸರಿಯಾ ವರಲೆ ಸಾರ್. ಒನ್ ಮೋರ್ ಪೋಲಾಮಾ?" ಸದ್ದು ಸರಿಯಾಗಿ ಬರಲಿಲ್ಲವಂತೆ, ಇನ್ನೊಂದು ಟೇಕ್ ಬೇಕಂತೆ. ಚೀಲ ಎತ್ತಿಕೊಳ್ಳಲು ಬಗ್ಗಿದ್ದ ಅಪ್ಪನಿಗೆ ಅದೇ ಕಿವಿಯ ಮೇಲೆ ಎರಡನೆಯದು ಬಿತ್ತು. ಅವರು ಮಂಡಿಯೂರಿದರು. ರಕ್ತ ಕಿವಿಯಿಂದ ಕುತ್ತಿಗೆಗಿಳಿದು ಅಂಗಿಯ ಕಾಲರಿನಲ್ಲಿ ನಿಂತಿತು. ಸುತ್ತ ನಲವತ್ತು ಜನ ನಿಂತು, ಸಿನಿಮಾ ನೋಡುವಂತೆ ನೋಡಿದರು.

ಅಲ್ಲಿಂದ ನೇರ ತಮ್ಮ ಆಸ್ಪತ್ರೆಗೆ ಬಂದೆವು. ಇಲ್ಲಿ ತಮ್ಮ ಪದ್ಧತಿಯ ಪರಿಚಯವಾಯಿತು. ಚೀಟಿ ಬರೆಯುವವರು ಕೇಳಿದರು: ಏಟಾ, ಬಿದ್ದದ್ದಾ? ಏಟು ಎಂದೆ. ಯಾವ ಠಾಣೆಯ ಸರಹದ್ದು ಎಂದರು. ಹೇಳಿದೆ. ಹೊಡೆದವರು ಯಾರು ಎಂದರು. ಅದನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಪಾಪ್ಪಾ, ಏಟೂನ್ನಾ ಅದೇ ಸ್ಟೇಷನ್‌ನಿಂದ ಪೊಲೀಸ್ ಬರಬೇಕು, ಸ್ಟೇಟ್‌ಮೆಂಟ್ ತಗೋಬೇಕು. ಅದುವರೆಗೂ ಕೂತಿರು. ಬಾತ್‌ರೂಮ್‌ಲೆ ವಿಳುಂದುಟ್ಟಾರುನ್ನು ಸೊಲ್ಲು, ಈಗಲೇ ಡಾಕ್ಟರ್ ನೋಡ್ತಾರೆ." ಬಾತ್‌ರೂಮಿನಲ್ಲಿ ಬಿದ್ದರೆಂದು ಹೇಳು ಎಂದರು. ಅವರ ಅಜ್ಜಿ ಕೋಲಾರದವರಂತೆ. ನನ್ನ ಮೇಲಿನ ಕರುಣೆಯಿಂದಲೇ ಇಷ್ಟು ಕನ್ನಡ ಬೆರೆಸಿದರು. ಹೊಡೆದವನೇ ಬಂದು ಏಟನ್ನು ದಾಖಲಿಸಬೇಕು ಎಂಬ ಈ ನಿಯಮವನ್ನು ಯಾವ ಪುಣ್ಯಾತ್ಮರು ರಚಿಸಿದರು ಅಧೀಕ್ಷಕರೇ? ಕಟುಕನ ಸಹಿ ಇಲ್ಲದೆ ಕುರಿಯ ಗಾಯಕ್ಕೆ ಅರಿಸಿನ ಹಚ್ಚುವಂತಿಲ್ಲವೇ?

ಬಸ್ಸಿನಲ್ಲಿ ಟಿಕೆಟ್ ಕೇಳಲೂ ತಡವರಿಸುವ ನಾನು ಅಂದು ತಡವರಿಸಲಿಲ್ಲ. "ವಿಳುಂದುಟ್ಟಾರ್," ಬಿದ್ದುಬಿಟ್ಟರು, ಎಂದೆ. ಅಪ್ಪ ನನ್ನ ಪಕ್ಕದಲ್ಲೇ, ಬಲಗಿವಿ ನನ್ನ ಕಡೆಗಿರುವಂತೆ ನಿಂತಿದ್ದರು.

ನಾಲ್ಕು ತಿಂಗಳು ಕೀವು ಸುರಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಕಿವಿಯ ಹಿಂದೆ ಕೊಯ್ದು, ಕಣತಲೆಯ ಸ್ನಾಯುವಿನ ಮೇಲಿನ ತೆಳು ಪೊರೆಯನ್ನು ತೆಗೆದು, ಹರಿದ ಕಿವಿತಮಟೆಗೆ ತೇಪೆ ಹಾಕಿದರು. ಅಲ್ಲಿ ಮಾತ್ರ ಮರಗಟ್ಟಿಸಿದ್ದರಿಂದ ಅಪ್ಪನಿಗೆ ಎಚ್ಚರವಿತ್ತು. "ಹಸಿ ಗೋಣಿಚೀಲ ಹರದಂಗ ಆತವಾ. ಭಾಳ ಛಲೋ ಸೌಂಡ್, ಯಾರೂ ರೆಕಾರ್ಡ್ ಮಾಡಲಿಲ್ಲ," ಎಂದರು ಆಮೇಲೆ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಸುಗುಣಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಅಪ್ಪನನ್ನು ಕೇಳಿದ್ದರಂತೆ: ಯಾರು ಹೊಡೆದದ್ದು? ವರಾಂಡದಲ್ಲಿ ನನಗೂ ವಿವರಿಸಿದರು: ಅಂಗೈ ಕಿವಿಯನ್ನು ಪೂರ್ತಿ ಮುಚ್ಚಿ ಬಡಿದಾಗ ಒಳಗಿನ ಗಾಳಿ ಗುಂಡಿನಂತೆ ನುಗ್ಗುತ್ತದೆ, ಜಾರಿ ಬಿದ್ದವರ ತಮಟೆ ಹೀಗೆ ಹರಿಯುವುದಿಲ್ಲ. ತೇಪೆ ಹಿಡಿಯಿತು. ಆದರೆ ಒಳಗಿವಿ ಸತ್ತಿತ್ತು. ಅದಕ್ಕೆ ಹೊಲಿಗೆಯಿಲ್ಲ. ಬಿಡುಗಡೆ ಪತ್ರದಲ್ಲಿ ಮಾತ್ರ, ಮೊದಲ ದಿನದ ಚೀಟಿಯನ್ನು ನಕಲು ಮಾಡಿದವರ ಕೃಪೆಯಿಂದ, ಅಪ್ಪ ಮತ್ತೊಮ್ಮೆ ಜಾರಿ ಬಿದ್ದರು.

ನಮ್ಮ ದೂರಿಗೆ ಪೊಲೀಸರು ನಿಮ್ಮ ಆಸ್ಪತ್ರೆಯ ಆ ಬಿಡುಗಡೆ ಪತ್ರವನ್ನೇ ಉತ್ತರವಾಗಿ ಕೊಟ್ಟರು. ತಮ್ಮ ಕಚೇರಿ ನನ್ನ ನಾಲ್ಕು ಅರ್ಜಿಗಳಿಗೆ ಕೊಟ್ಟ ಒಂದೇ ಉತ್ತರ: 'ರೋಗಿಯ ಕಡೆಯವರ ಹೇಳಿಕೆಯಂತೆ ದಾಖಲಿಸಲಾಗಿದೆ, ಬದಲಾಯಿಸಲಾಗದು.' ಆ ಕಡೆಯವಳು ನಾನೇ ಸ್ವಾಮಿ! ಸುಳ್ಳು ಹೇಳಿದೆ ಎಂದು ಸಹಿ ಹಾಕಿ ಹೇಳುತ್ತಿದ್ದೇನೆ. ನನ್ನ ಸುಳ್ಳನ್ನು ಒಂದೇ ಮಾತಿಗೆ ನಂಬಿದ ಆಸ್ಪತ್ರೆ ನನ್ನ ನಿಜವನ್ನು ನಾಲ್ಕು ಪತ್ರಗಳಿಗೂ ನಂಬುವುದಿಲ್ಲವೇಕೆ? ಅಂದಹಾಗೆ, ನಮ್ಮ ಬಾಡಿಗೆ ಮನೆಗೆ ಸ್ನಾನದ ಮನೆಯೇ ಇಲ್ಲ. ಅಪ್ಪ ಅಂಗಳದ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಮೀಯುತ್ತಾರೆ. ಅಲ್ಲಿಂದ ಬೀಳಲು ಜಾಗವಿಲ್ಲ.

ಅಪ್ಪನಿಗೆ ಈಗ ಕೆಲಸವಿಲ್ಲ. ಥಿಯೇಟರಿನವರು ಕರೆಸಿ ನೋಡಿದರು. ಒಂದೇ ಕಿವಿಯಲ್ಲಿ ಅಳತೆ ಸಿಗದೆ, ಪರದೆಯ ಮೇಲೆ ತಾಯಿ ಮಗುವಿಗೆ ಮೆಲ್ಲಗೆ ಹೊಡೆದರೆ ಇವರ ಪಟ್ಟಿ ಕೊಲೆಯಂತೆ ಸಿಡಿಯಿತು. ಮೂಲೆಯಲ್ಲಿ ಒಣಗುತ್ತಿರುವ ಅವರ ಕಬ್ಬಿನ ಜಲ್ಲೆಗಳನ್ನು ಎಷ್ಟೋ ಮಧ್ಯಾಹ್ನ ಒಂದೊಂದಾಗಿ ಮುರಿದಿದ್ದೇನೆ, ಅವು ಆ ಇನ್‌ಸ್ಪೆಕ್ಟರನ ಬೆರಳುಗಳೆಂದು. ಐದೂ ಮುರಿದ ಮೇಲೆ ಆರನೆಯದನ್ನು ಹಿಡಿದು ಕೂರುತ್ತೇನೆ. ಅದು ಯಾರದೆಂದು ತಾವು ಕೇಳದಿದ್ದರೆ ಒಳ್ಳೆಯದು.

ಮುಂದಿನ ತಿಂಗಳು ಹದಿನೆಂಟರಂದು ನಮ್ಮ ದೂರು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ. ಆ ಸಾಲು ಹಾಗೇ ಇದ್ದರೆ ವಜಾ ಎಂದಿದ್ದಾರೆ ವಕೀಲರು. ನಾನು ದಯೆ ಬೇಡುತ್ತಿಲ್ಲ. ಹದಿನೆಂಟರೊಳಗೆ ಆ ರಿಜಿಸ್ಟರನ್ನು ತೆಗೆಸಿ, ನನ್ನನ್ನು ಕರೆಸಿ, ಡಾಕ್ಟರ್ ಸುಗುಣಾ ಕಂಡದ್ದನ್ನು ಅವರ ಕೈಯಲ್ಲೇ ಬರೆಸಿ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಬೇಕಾದರೆ ಮೊಕದ್ದಮೆ ಹೂಡಿ. ಆ ಕಾಗದದಲ್ಲಾದರೂ 'ಏಟು' ಎಂಬ ಪದವಿರುತ್ತದೆ.

ಈ ಪತ್ರವನ್ನು ನಿನ್ನೆ ಅಪ್ಪನಿಗೆ ಓದಿ ಹೇಳಿದೆ, ಬಲಗಡೆ ಕೂತು, ಗಟ್ಟಿಯಾಗಿ. "ಅಷ್ಟ್ಯಾಕ ಒದರ್ತಿ? ಈ ಕಿವಿ ಛಲೋ ಐತಿ," ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಅವತ್ತು ಬಿದ್ದಾರ ಅಂದ್ಯಲ್ಲ, ಅದನ್ನ ಈ ಕಿವೀಲೇ ಕೇಳೀನಿ."

ಇಂತಿ,
ತಮ್ಮ ದಾಖಲೆಯ ಪ್ರಕಾರ ಈವರೆಗೂ ಸತ್ಯವಂತೆಯಾಗಿರುವ
ಉಮಾಮಹೇಶ್ವರಿ ಅಂದಾನಿ
ಚೆನ್ನೈ, ಫೆಬ್ರವರಿ 2002