ನೀವೇ ಮಾಡಿದ ಅನಾನಸ್

ರೀ,

ನಾನು ಕೆಂಟನ್‌ಗೆ, ಅಕ್ಕನ ಮನೆಗೆ ಹೊರಟಿದ್ದೇನೆ. ನಾಲ್ಕು ಗಂಟೆಗೆ ಭಾರ್ಗವ ಅವರ ಮನೆಯವರೆಲ್ಲ ಇಲ್ಲಿಗೆ ಬರುತ್ತಾರೆ. ಕರೆದವಳು ನಾನೇ.

ಕಳೆದ ಭಾನುವಾರ ಅವರ ಮನೆಗೆ ನಾನು ಗ್ರಿಲ್ ಮಾಡಿ ಒಯ್ದ ಅನಾನಸನ್ನು ಎಲ್ಲರೂ ಹೊಗಳಿದಾಗ, "ಅದೇನ್ ಮಹಾ, ನಾನೇ ಮಾಡಿದ್ದು" ಅಂದಿರಲ್ಲ? ನಾನು ಪಕ್ಕದಲ್ಲೇ ನಿಂತಿದ್ದೆ. ಇವತ್ತು ನೀವು ಅವರೆದುರಿಗೇ ಮಾಡಿ ತೋರಿಸುತ್ತೀರಿ ಎಂದು ಫೋನ್ ಮಾಡಿ ಹೇಳಿದ್ದೇನೆ. ಪಾಪ, ಭಾರ್ಗವ ಅವರು ಕ್ಯಾಮೆರಾ ಬೇರೆ ತರುತ್ತಾರಂತೆ.

ಹಣ್ಣಿನ ಸಿಪ್ಪೆ ತೆಗೆದು, ಒಳಗಿನ ಕಣ್ಣುಗಳನ್ನೂ ಕಿತ್ತು, ಬಿಲ್ಲೆ ಮಾಡಿ. ಬೆಲ್ಲದ ಪುಡಿ, ಏಲಕ್ಕಿ ಉದುರಿಸಿ ಗ್ರಿಲ್ಲಿನಡಿ ಇಡಿ. ಒಲೆಯ ಮೇಲ್ಗಡೆ ಹನ್ನೊಂದು ವರ್ಷದಿಂದ ನೀವು ಪೇಪರ್ ತುರುಕುತ್ತಿರುವ ಗೂಡೇ ಗ್ರಿಲ್; ಅದರ ಉರಿ ಮೇಲಿನಿಂದ ಬರುತ್ತದೆ. ಪೇಪರ್ ತೆಗೆದು ಹಚ್ಚಿ. ಎಷ್ಟು ಹೊತ್ತು ಇಡಬೇಕೆಂದು ನಿಮಗೇ ಗೊತ್ತಿರಬೇಕು. ಐಸ್‌ಕ್ರೀಮ್ ಫ್ರೀಜರಿನಲ್ಲಿದೆ.

ನಾಲ್ಕಕ್ಕೆ ನಾನೂ ಬರುತ್ತೇನೆ, ಆದರೆ ಅಡುಗೆಮನೆಗಲ್ಲ. ಒಳ್ಳೆ ಸೀರೆ ಉಟ್ಟು, ಬೆಲ್ ಒತ್ತಿ ಬಂದು, ಅತಿಥಿಗಳ ಜೊತೆ ಕೂರುತ್ತೇನೆ.

ಎರಡು ಅನಾನಸ್ ತಂದಿದ್ದೆ. ಒಂದನ್ನು ಅಕ್ಕನಿಗೆ ಒಯ್ಯುತ್ತಿದ್ದೇನೆ. ಮೊದಲೊಮ್ಮೆ ಮಾಡಿ ನೋಡುವ ಅಗತ್ಯ ನಿಮಗೇನಿದೆ?

ವತ್ಸಲಾ