ತಂಗಮ್ಮ ಹುರಿದ ಕಾಫಿ

ಬಣಕಲ್
ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕನ ಬಾಣಂತನದ ಗಡಿಬಿಡಿಯಲ್ಲಿ ಎಣ್ಣೆ ಹಚ್ಚಿಕೊಳ್ಳುವುದನ್ನೇ ಬಿಟ್ಟಿರುತ್ತೀಯ, ನನಗೆ ಗೊತ್ತಿಲ್ಲವೇ! ಪಾಪು ನಿದ್ದೆ ಮಾಡಲು ಬಿಡುತ್ತದೆಯೇ? ಫೋನಿನಲ್ಲಿ ಹೇಳೋಣವೆಂದರೆ ರಕ್ಷಕ್ಕ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಾಳೆ. ಅದಕ್ಕೇ ಹಾಸನದ ಬಸ್ಸಿಗೆ ಹಾಕುವ ಚೀಲದಲ್ಲಿ ಈ ಕಾಗದ ಇಡುತ್ತಿದ್ದೇನೆ.

ನನಗೆ ಕೈಕಾಲೇ ಆಡುತ್ತಿಲ್ಲ. ನೀನು ಕಾಫಿಪುಡಿ ಅಂಗಡಿಯನ್ನು ನನ್ನ ಕೈಗೆ ಕೊಟ್ಟು ಹೋದದ್ದೇ ತಡ, ಹೊರನಾಡಿನ ಲಾಡ್ಜಿನವರು ಪುಡಿ ವಾಪಸ್ ಕಳಿಸಿದರು. ಬರೀ ಸೀದ ವಾಸನೆ. ನಮ್ಮಲ್ಲಿ ಹುರಿಯುವಾಗ ಶಾಖ ನೋಡಲು ಮೀಟರಿಲ್ಲ, ತಂಗಮ್ಮನ ಮೂಗೇ ಎಲ್ಲ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಂಡವರು ನಾವು. ಪೊಟ್ಟಣವನ್ನು ತಂಗಮ್ಮನ ಮುಂದೆ ಹಿಡಿದೆ. ಮೂಸಿ ನೋಡಿ, "ಚೆನ್ನಾಗೇ ಇದ್ಯಲ್ಲ ಕೂಸೇ" ಎಂದರು. ಪ್ಯಾಕಿಂಗಿನ ಹೆಂಗಸರು ಕಿಸಕ್ಕನೆ ನಕ್ಕರು. ಆಮೇಲೆ ತಂಗಮ್ಮ ತಲೆತಗ್ಗಿಸಿ, "ಹೋದ್ವರ್ಷ ಜ್ವರ ಬಂದಾಗಿಂದ ನಂಗೆ ವಾಸನೆಯೇ ಗೊತ್ತಾಗಲ್ಲ" ಎಂದರು. ನಾನು ಮಂಕುದಿಣ್ಣೆ, ಎಲ್ಲರೆದುರೇ "ಇನ್ಮೇಲೆ ಪ್ಯಾಕಿಂಗಿಗೆ ಕೂತ್ಕೊಳಿ" ಅಂದುಬಿಟ್ಟೆ. ಎದ್ದು ಹೋದವರು ನಿನ್ನೆಯೂ ಬರಲಿಲ್ಲ, ಇವತ್ತೂ ಇಲ್ಲ.

ಲಾಡ್ಜಿನವರು, "ಹುರಿಯೋರನ್ನ ಬದಲಾಯಿಸ್ತೀರೋ, ನಾವು ಬೇರೆ ಕಡೆ ನೋಡ್ಕೊಳ್ಳೋದೋ?" ಎಂದು ಕೇಳುತ್ತಿದ್ದಾರೆ. ಅವರು ಕೈಬಿಟ್ಟರೆ ಪ್ಯಾಕಿಂಗಿನವರಿಗೂ ಕೆಲಸವಿಲ್ಲ. ವಸ್ತಾರೆಯ ಧರ್ಮೇಶ್ ಹುರಿಯಲು ಬರುತ್ತೇನೆ ಎನ್ನುತ್ತಿದ್ದಾನೆ. ಕರೆಯಲೇ? ನಿನ್ನ ಜೊತೆ ಬಾಣಲೆಯಲ್ಲಿ ಹುರಿದು ಈ ಅಂಗಡಿ ಶುರುಮಾಡಿದವರನ್ನು ಮನೆಗೆ ಕಳಿಸಲೇ? ಯೋಚಿಸಿ ಯೋಚಿಸಿ ಅನ್ನ ಸೇರುತ್ತಿಲ್ಲ ಅಮ್ಮಾ. ಸಂಜೆ ಅವರ ಮನೆಗೆ ಹೋಗುತ್ತೇನೆ, ಯಾವ ಮುಖ ಹೊತ್ತು ಹೋಗಲಿ ಎಂದೇ ತಿಳಿಯುತ್ತಿಲ್ಲ.

ಭಾವನಿಗೆ ನಮಸ್ಕಾರ, ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ
ಕೃತಿಕಾ

ತಾ.ಕ.: ಚೀಲ ಕಟ್ಟುವ ಮೊದಲು ತಂಗಮ್ಮನ ಮನೆಗೆ ಹೋಗಿಬಂದೆ. ನನ್ನದು ತಪ್ಪಾಯಿತು ಎಂದೆ. ಅವರು ಅತ್ತುಬಿಟ್ಟರು. "ಅಮ್ಮಾವ್ರಿಗೆ ಎಲ್ಲ ಗೊತ್ತಿತ್ತು ಕೂಸೇ. ಹದ ಬಂದ ಕೂಡ್ಲೆ ಪಕ್ಕದಲ್ಲಿ ನಿಂತು ಕೆಮ್ಮೋರು, ನಾನು ಇಳಿಸ್ತಿದ್ದೆ" ಎಂದರು. ಅಯ್ಯೋ ಅಮ್ಮಾ, ಆ ಕೆಮ್ಮಿಗೆಂದು ವರ್ಷವಿಡೀ ಮೆಣಸಿನ ಕಷಾಯ ಕುಡಿಸಿದೆನಲ್ಲ, ನೀನೂ ತುಟಿಪಿಟಕ್ಕೆನ್ನದೆ ಕುಡಿದೆಯಲ್ಲ! ತಂಗಮ್ಮನನ್ನು ಕೇಳಿಯೇ ಲಾಡ್ಜಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹುರಿಯುವವರು ತಂಗಮ್ಮನೇ, ಪಕ್ಕದಲ್ಲಿ ನಾನಿರುತ್ತೇನೆ ಎಂದೆ. ಇನ್ನೊಂದೇ ಒಂದು ಸಲ ನೋಡುತ್ತಾರಂತೆ. ನಾಡಿದ್ದು ಬೆಳಿಗ್ಗೆ ಒಲೆ ಹಚ್ಚುತ್ತೇವೆ. ಕಾಗದ ಸಿಕ್ಕಿದ ತಕ್ಷಣ, ಸ್ಪೀಕರ್ ಹಾಕದೆ, ಫೋನ್ ಮಾಡಿ ಹೇಳಮ್ಮ, ನಾನು ಯಾವಾಗ ಕೆಮ್ಮಬೇಕು?